ಗೇಮ್ ಓಪನ್ ಆಗುತ್ತಲೇ ಮುಚ್ಚಿಕೊಳ್ತಿದೆಯಾ? ಫಾರ್ಮ್ಯಾಟ್ ಹೊಡೆಸುವ ಮುಂಚೆ ಸಿಪಿಯು ಹಿಂದೆ ಒಮ್ಮೆ ನೋಡಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಗದಗ-ಬೆಟಗೇರಿಯವನು, ಡಿಪ್ಲೊಮಾ ಓದ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಸಿಪಿಯು ತೊಗೊಂಡಿದ್ದೆ, ಐ5-3470, 8 ಜಿಬಿ ರ‍್ಯಾಮ್, ವಿಂಡೋಸ್ 10. ಆಮೇಲೆ ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಜಿಟಿಎಕ್ಸ್ 1050 ಟಿಐ 4 ಜಿಬಿ ಗ್ರಾಫಿಕ್ ಕಾರ್ಡ್ ಕಡಿಮೆ ರೇಟಿಗೆ ಸಿಕ್ತು, ಹಾಕಿಸಿದೆ. ಹಳೇ ಗೇಮ್ ಎಲ್ಲ ಆರಾಮಾಗಿ ಓಡ್ತವೆ. ಹೋದ ವಾರ ಸ್ಟೀಮ್ ಸೇಲ್‌ನಲ್ಲಿ ಒಂದು ಹೊಸ ಗೇಮ್ ತೊಗೊಂಡು ರಾತ್ರಿಯೆಲ್ಲ ಇಟ್ಟು 70 ಜಿಬಿ ಡೌನ್‌ಲೋಡ್ ಮಾಡಿದೆ. ಪ್ಲೇ ಒತ್ತಿದರೆ ಕಪ್ಪು ಸ್ಕ್ರೀನ್ ಬರುತ್ತೆ, ಒಂದೆರಡು ಸೆಕೆಂಡಿಗೆ ಡೆಸ್ಕ್‌ಟಾಪಿಗೆ ವಾಪಸ್. ಎರರ್ ಏನೂ ತೋರಿಸಲ್ಲ. ಇಲ್ಲಿ ಅಂಗಡಿಯವರು "ಫಾರ್ಮ್ಯಾಟ್ ಹೊಡದ್ರ ಸರಿ ಆಗ್ತೈತಿ, 500 ಕೊಡು" ಅಂದರು. ಒಬ್ಬ ಗೆಳೆಯ ರ‍್ಯಾಮ್ 16 ಮಾಡು ಅಂತಾನೆ, ಇನ್ನೊಬ್ಬ ಡಿಎಲ್‌ಎಲ್ ಫೈಲ್ ಇಳಿಸಿಕೊಂಡು ಹಾಕು ಅಂತಾನೆ. ನಮ್ಮಲ್ಲಿ ಕರೆಂಟ್ ಬಹಳ ಹೋಗಿ ಬಂದು ಮಾಡುತ್ತೆ, ಅದರಿಂದ ಏನಾದರೂ ಸುಟ್ಟಿರಬಹುದಾ? ಮಾನಿಟರ್ ಹಳೇದು, ವಿಜಿಎ ಕೇಬಲ್. ಕಾರ್ಡ್ ಕೊಟ್ಟವರು ಡ್ರೈವರ್ ಅಪ್‌ಡೇಟ್ ಮಾಡಬೇಡ ಅಂದಿದ್ದಕ್ಕೆ ಮಾಡಿಲ್ಲ. ಮತ್ತೆ ಅಪ್ಪನ ಹತ್ತಿರ ದುಡ್ಡು ಕೇಳೋ ಹಾಗಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಅತಿ ಮುಖ್ಯವಾದ ಎರಡು ಮಾತು ಕೊನೆಗೆ ಬಂದಿವೆ, ಅದೂ ಹೇಳಲೋ ಬೇಡವೋ ಅನ್ನೋ ಹಾಗೆ. ಒಂದು, ವಿಜಿಎ ಕೇಬಲ್. ಇನ್ನೊಂದು, ಕಾರ್ಡ್ ಮಾರಿದವರು ಡ್ರೈವರ್, ಅಂದರೆ ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್, ಅಪ್‌ಡೇಟ್ ಬೇಡ ಅಂದದ್ದು. ಕರೆಂಟು, ರ‍್ಯಾಮು, ಫಾರ್ಮ್ಯಾಟು ಎಲ್ಲ ಆಮೇಲೆ ನೋಡೋಣ. ಮೊದಲು ಸಿಪಿಯು ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಮಾನಿಟರಿನ ಕೇಬಲ್ ಎಲ್ಲಿ ಸಿಕ್ಕಿಸಿದೆ ಅಂತ.

ಯಾಕೆ ಅಂದರೆ, ಅಸಲಿ 1050 ಟಿಐ ಕಾರ್ಡಿನಲ್ಲಿ ವಿಜಿಎ ಪೋರ್ಟೇ ಬರುವುದಿಲ್ಲ. ಎಚ್‌ಡಿಎಂಐ ಇರುತ್ತದೆ, ಡಿಸ್‌ಪ್ಲೇಪೋರ್ಟ್ ಇರುತ್ತದೆ, ಸಾಮಾನ್ಯವಾಗಿ ಬಿಳಿ ಬಣ್ಣದ ದೊಡ್ಡ ಡಿವಿಐ ಪೋರ್ಟ್ ಇರುತ್ತದೆ. ಆ ಡಿವಿಐ ಕೂಡ ಡಿಜಿಟಲ್ ಮಾತ್ರ. 2016ರಲ್ಲಿ ಈ ಸಾಲಿನ ಕಾರ್ಡುಗಳು ಬಂದಾಗಲೇ ಎನ್‌ವಿಡಿಯಾ ಹಳೇ ಅನಲಾಗ್ ಸಿಗ್ನಲ್ ಕೈಬಿಟ್ಟಿತ್ತು. ಹಾಗಾಗಿ ನಿಮ್ಮ ನೀಲಿ ಬಣ್ಣದ ವಿಜಿಎ ಕೇಬಲ್ ಮೂರೇ ಕಡೆ ಇರಲು ಸಾಧ್ಯ.

ಕಾರ್ಡಿನ ಎಚ್‌ಡಿಎಂಐಗೆ ಒಂದು ಕನ್ವರ್ಟರ್ ಹಾಕಿ, ಅದಕ್ಕೆ ವಿಜಿಎ ಕೇಬಲ್ ಸಿಕ್ಕಿಸಿದ್ದರೆ ಸರಿ ಇದೆ, ಮುಂದೆ ಓದಿ.

ಕೇಬಲ್ ಮೇಲ್ಗಡೆ, ಕೀಬೋರ್ಡ್ ಮೌಸ್ ಸಿಕ್ಕಿಸುವ ಯುಎಸ್‌ಬಿ ಪೋರ್ಟುಗಳ ಸಾಲಿನಲ್ಲೇ ಇದ್ದರೆ ಅದು ಮದರ್‌ಬೋರ್ಡಿನ ವಿಜಿಎ. ಹಾಗಿದ್ದರೆ ನಿಮ್ಮ ಹಳೇ ಗೇಮ್‌ಗಳು ಓಡುತ್ತಿರುವುದು ಕಾರ್ಡಿನ ಮೇಲೆ ಅಲ್ಲ, ಪ್ರೊಸೆಸರ್ ಒಳಗೇ ಇರುವ ಇಂಟೆಲ್ ಎಚ್‌ಡಿ 2500 ಅನ್ನೋ ಸಣ್ಣ ಗ್ರಾಫಿಕ್ಸ್ ಮೇಲೆ. ನೀವು ದುಡ್ಡು ಕೊಟ್ಟ ಕಾರ್ಡ್ ಸುಮ್ನೆ ಫ್ಯಾನ್ ತಿರುಗಿಸಿಕೊಂಡು ಕೂತಿದೆ. ಈ ಇಂಟೆಲ್ ಚಿಪ್ಪಿಗೆ ಡೈರೆಕ್ಟ್‌ಎಕ್ಸ್ 12 (ಗೇಮ್‌ಗಳು ಗ್ರಾಫಿಕ್ಸ್ ಚಿಪ್ಪಿನ ಜೊತೆ ಮಾತಾಡಲು ಬಳಸುವ ವಿಂಡೋಸಿನ ವ್ಯವಸ್ಥೆ) ಬರುವುದೇ ಇಲ್ಲ, ಈಗಿನ ಬಹಳ ಗೇಮ್‌ಗಳು ಅದನ್ನೇ ಕೇಳುತ್ತವೆ, ಸಿಗದಿದ್ದರೆ ಕೆಲವು ಒಂದು ಮಾತೂ ಹೇಳದೆ ಮುಚ್ಚಿಕೊಳ್ಳುತ್ತವೆ. ನಿಮ್ಮ ಲಕ್ಷಣ ಇದೇ. ಕೆಲವು ಬೋರ್ಡುಗಳು ಕಾರ್ಡ್ ಹಾಕಿದ ಕೂಡಲೇ ತಮ್ಮ ವಿಜಿಎ ಬಂದ್ ಮಾಡುತ್ತವೆ, ಆಗ ಸ್ಕ್ರೀನೇ ಬರದೆ ಮನುಷ್ಯನಿಗೆ ಗೊತ್ತಾಗುತ್ತದೆ. ಬಂದ್ ಮಾಡದ ಬೋರ್ಡ್ ಇದ್ದರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ನನ್ನ ಟೇಬಲ್ಲಿಗೆ ಇಂಥ ಮಷಿನ್ ಬರುತ್ತಲೇ ಇರುತ್ತವೆ, ಅದರಲ್ಲೂ ಆಫೀಸಿನಿಂದ ಹೊರಬಿದ್ದ ಹಳೇ ಡೆಸ್ಕ್‌ಟಾಪ್‌ಗಳು.

ಇದಕ್ಕೆ ಪರಿಹಾರ ಒಂದು ಎಚ್‌ಡಿಎಂಐ-ವಿಜಿಎ ಕನ್ವರ್ಟರ್. ಒಳಗೆ ಸಣ್ಣ ಚಿಪ್ ಇರುವಂಥದ್ದು, ಮುನ್ನೂರು ನಾನೂರು ರೂಪಾಯಿ ಒಳಗೆ ಸಿಗುತ್ತದೆ. ಅಂಗಡಿಯಲ್ಲಿ ಡಿವಿಐಯಿಂದ ವಿಜಿಎಗೆ ಹೋಗುವ ಅಗ್ಗದ ಪಿನ್ ಕನೆಕ್ಟರ್ ಕೊಡಲು ಬಂದರೆ ಬೇಡ ಅನ್ನಿ. ನಿಮ್ಮ ಕಾರ್ಡಿನ ಡಿವಿಐಯಲ್ಲಿ ಚಪ್ಪಟೆ ತೂತಿನ ಸುತ್ತ ಇರಬೇಕಾದ ನಾಲ್ಕು ಸಣ್ಣ ತೂತು ಇರುವುದಿಲ್ಲ, ಅದು ಒಳಗೇ ಹೋಗುವುದಿಲ್ಲ. ಜೋರು ಮಾಡಿ ತುರುಕಿದರೆ ಪಿನ್ ಬಾಗುತ್ತದೆ ಅಷ್ಟೇ.

ಇನ್ನು ಮೂರನೇ ಜಾಗ. ಕೇಬಲ್ ಕೆಳಗೆ, ಕಾರ್ಡಿನಲ್ಲೇ ಇರುವ ನೀಲಿ ವಿಜಿಎ ಪೋರ್ಟಿಗೆ ಸಿಕ್ಕಿಸಿದ್ದರೆ, ಕಹಿ ಮಾತು ಹೇಳಬೇಕಾಗುತ್ತದೆ. ಆ ಕಾರ್ಡ್ ಬಹುಪಾಲು ನಕಲಿ.

ಇಂಥ ಕಾರ್ಡುಗಳು ಮಾರ್ಕೆಟ್ಟಿನಲ್ಲಿ ಬೇಕಾದಷ್ಟು ಇವೆ. 2010ರ ಜಿಟಿಎಸ್ 450, ಇಲ್ಲಾ 2011ರ ಜಿಟಿಎಕ್ಸ್ 550 ಟಿಐ ಚಿಪ್ ಹಾಕಿ, ಅದರ ಬಯಾಸ್ (ಕಾರ್ಡಿನೊಳಗೇ ಬರೆದಿಟ್ಟ ಮೂಲ ಸಾಫ್ಟ್‌ವೇರ್) ತಿದ್ದಿ "ನಾನು 1050 ಟಿಐ, 4 ಜಿಬಿ" ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ಒಳಗೆ ನಿಜವಾಗಿ ಇರುವ ಮೆಮೊರಿ ಕೆಲವೊಮ್ಮೆ 1 ಜಿಬಿ ಮಾತ್ರ. ಹಳೇ ಗೇಮಿಗೆ ಅಷ್ಟು ಸಾಕು, ಅದಕ್ಕೇ ಅನುಮಾನ ಬರುವುದಿಲ್ಲ. ಹೊಸ ಗೇಮ್ 4 ಜಿಬಿ ಇದೆ ಅಂತ ನಂಬಿ ತುಂಬಿಸಲು ಹೋದಾಗ ಬೀಳುತ್ತದೆ. ಡ್ರೈವರ್ ಅಪ್‌ಡೇಟ್ ಬೇಡ ಅಂದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಎನ್‌ವಿಡಿಯಾದ ಅಸಲಿ ಹೊಸ ಡ್ರೈವರ್ ಹಾಕಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಸ್ಕ್ರೀನ್ ಕಪ್ಪಾಗಬಹುದು, ಇಲ್ಲಾ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬಂದು ಕೋಡ್ 43 ಅಂತ ತೋರಿಸಬಹುದು. ಅಸಲಿ ಕಾರ್ಡ್ ಮಾರುವವರಿಗೆ ಆ ಹೆದರಿಕೆ ಇರುವುದಿಲ್ಲ. ನಿಮಗೆ ಮಾರಿದವರು ಏನೂ ಗೊತ್ತಿಲ್ಲದೆ, ತಾವೂ ಮೋಸ ಹೋಗಿ, ತಮಗೆ ಹೇಳಿದ್ದನ್ನೇ ನಿಮಗೆ ಹೇಳಿರಲೂಬಹುದು, ಆದ್ದರಿಂದ ಫೋನ್ ಮಾಡಿ ಮೊದಲೇ ಬೈಯಬೇಡಿ.

ಪರೀಕ್ಷೆ ಸುಲಭ. ಜಿಪಿಯು-ಝಡ್ ಅನ್ನೋ ಸಣ್ಣ ಉಚಿತ ಸಾಫ್ಟ್‌ವೇರ್ ಇದೆ, ಅದರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ನಕಲಿ ಕಾರ್ಡ್ ಸಿಕ್ಕರೆ ಹೆಸರಿನ ಮುಂದೆ ಫೇಕ್ ಅಂತಲೇ ಬರೆದು ತೋರಿಸುತ್ತದೆ. ಇನ್ನೊಂದು ದಾರಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ ಡಿಎಕ್ಸ್‌ಡಯಾಗ್ (dxdiag) ಅಂತ ಟೈಪ್ ಮಾಡಿ, ಡಿಸ್‌ಪ್ಲೇ ಟ್ಯಾಬಿಗೆ ಹೋಗಿ. ಮೇಲೆ ಹೆಸರಿನ ಜಾಗದಲ್ಲಿ ಇಂಟೆಲ್ ಅಂತ ಇದ್ದರೆ ಕೇಬಲ್ ಬೋರ್ಡಿಗೆ ಹೋಗಿದೆ. ಎನ್‌ವಿಡಿಯಾ ಅಂತ ಇದ್ದರೆ ಬಲಗಡೆ ಫೀಚರ್ ಲೆವೆಲ್ಸ್ ಅನ್ನೋ ಸಾಲು ನೋಡಿ. ಅಸಲಿ 1050 ಟಿಐ ಆದರೆ ಆ ಸಾಲು 12_1 ಇಂದ ಶುರುವಾಗಬೇಕು. 11_0 ಇಂದ ಶುರುವಾದರೆ ಒಳಗಿರುವುದು ಆ ಹಳೇ ಚಿಪ್ಪೇ.

ಇಷ್ಟು ನೋಡಿ, ಕಾರ್ಡ್ ಅಸಲಿ, ಕೇಬಲ್ಲೂ ಸರಿ ಅಂತ ಆದರೆ? ಆಗ ಗೇಮ್ ಬಿದ್ದದ್ದಕ್ಕೆ ವಿಂಡೋಸ್ ಬರೆದಿಟ್ಟ ದಾಖಲೆ ಓದಬೇಕು. ಎರರ್ ತೋರಿಸಲ್ಲ ಅಂದಿರಿ. ಸ್ಕ್ರೀನಿನ ಮೇಲೆ ತೋರಿಸಲ್ಲ ಅಷ್ಟೇ, ಬಹಳ ಸಲ ಒಳಗೆ ಬರೆದಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಗೇಮ್ ಬಿದ್ದ ಟೈಮಿಗೆ ಸರಿಯಾಗಿ ಕೆಂಪು ಗುರುತಿನ, ಇವೆಂಟ್ ಐಡಿ 1000 ಇರುವ ಸಾಲು ಹುಡುಕಿ. ಅದನ್ನು ಒತ್ತಿದರೆ ಕೆಳಗೆ ಒಂದಿಷ್ಟು ಇಂಗ್ಲಿಷ್ ಬರುತ್ತದೆ. ಅದರಲ್ಲಿ ನಮಗೆ ಬೇಕಾದ್ದು ಎರಡೇ ಸಾಲು, ಫಾಲ್ಟಿಂಗ್ ಮಾಡ್ಯೂಲ್ ನೇಮ್ ಮತ್ತು ಎಕ್ಸೆಪ್ಶನ್ ಕೋಡ್.

ಮಾಡ್ಯೂಲ್ ಹೆಸರು ಎನ್‌ವಿ ಅಂತ ಶುರುವಾದರೆ ಎನ್‌ವಿಡಿಯಾ ಡ್ರೈವರ್ ಹತ್ತಿರ ಬಿದ್ದಿದೆ, ಐಜಿ ಅಂತ ಇದ್ದರೆ ಇಂಟೆಲ್ ಡ್ರೈವರ್. ಅಂದರೆ ಕೇಬಲ್ ಕಥೆ ಇಲ್ಲೂ ಹೊರಬೀಳುತ್ತದೆ. ಆರ್‌ಟಿಎಸ್‌ಎಸ್ ಅಂತಲೋ, ಡಿಸ್ಕಾರ್ಡ್ ಅಂತಲೋ, ಗೇಮ್‌ಓವರ್‌ಲೇ ಅಂತಲೋ ಇದ್ದರೆ ಎಫ್‌ಪಿಎಸ್ ತೋರಿಸುವ, ಚಾಟ್ ತೋರಿಸುವ ಸಾಫ್ಟ್‌ವೇರ್ ಯಾವುದೋ ಗೇಮಿನ ಮೇಲೆ ಕೂತಿದೆ, ಅದನ್ನು ಬಂದ್ ಮಾಡಿ ನೋಡಿ. ವಿಂಡೋಸಿನದೇ ಫೈಲುಗಳಾದ ಎನ್‌ಟಿಡಿಎಲ್‌ಎಲ್ ಅಥವಾ ಕರ್ನಲ್‌ಬೇಸ್ ಅಂತ ಬಂದರೆ ವಿಂಡೋಸೇ ಹಾಳಾಗಿದೆ ಅಂತ ಎಷ್ಟೋ ಜನ ಹೌಹಾರಿ ಫಾರ್ಮ್ಯಾಟ್ ಮಾಡಿಸುತ್ತಾರೆ. ಅದು ಕಳವಿನ ದೂರು ದಾಖಲಾದ ಪೊಲೀಸ್ ಠಾಣೆ ಇದ್ದ ಹಾಗೆ, ದೂರು ಅಲ್ಲಿ ಬಂತು ಅಂತ ಠಾಣೆಯವರೇ ಕದ್ದರು ಅನ್ನೋಕಾಗಲ್ಲ.

ಕೋಡ್ ಉದ್ದ ಇರುತ್ತದೆ, ಕೊನೆಯ ಎರಡು ಅಕ್ಷರ ನೋಡಿ. 05 ಅಂತ ಮುಗಿದರೆ ಗೇಮ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ ಅಂತ ಅರ್ಥ. ಇದಕ್ಕೆ ಕಾರಣ ನೂರಿರಬಹುದು, ಡ್ರೈವರ್, ಕೆಟ್ಟ ಫೈಲ್, ಓವರ್‌ಲೇ, ಕೆಟ್ಟ ರ‍್ಯಾಮ್. ಆದರೆ 1ಡಿ ಅಂತ ಮುಗಿದರೆ ಕಾರಣ ಸಾಮಾನ್ಯವಾಗಿ ಒಂದೇ. ಗೇಮ್ ಕೇಳಿದ ಆಜ್ಞೆ ನಿಮ್ಮ ಪ್ರೊಸೆಸರಿಗೆ ಗೊತ್ತೇ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಮಷಿನ್ನಿಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಐ5 ಅಂದರೆ ಐ5, ಚೆನ್ನಾಗೇ ಇರುತ್ತೆ ಅಂತ ಎಲ್ಲರೂ ತಿಳಿದಿರುತ್ತಾರೆ. ಹಳೇ ಸಿಪಿಯು ಮಾರುವವರು ಅಂಗಡಿಯ ಬೋರ್ಡಿನ ಮೇಲೆ ದೊಡ್ಡದಾಗಿ ಐ5 ಅಂತಷ್ಟೇ ಬರೆಯುತ್ತಾರೆ, ಮುಂದಿನ ನಂಬರ್ ಬರೆಯುವುದಿಲ್ಲ. 3470 ಅಂದರೆ ಮೂರನೇ ತಲೆಮಾರು, 2012ರದು. ಗೇಮಿನ ಪೇಜಿನಲ್ಲಿ ಕನಿಷ್ಠ ಇಷ್ಟು ಬೇಕು ಅಂತ ಬಹಳ ಸಲ ಕಾಣುವ ಐ5-8400 ಎಂಟನೇ ತಲೆಮಾರು, 2017ರದು. ಅದರಲ್ಲಿ 6 ಕೋರ್, ನಿಮ್ಮದರಲ್ಲಿ 4. ಕೋರ್ ಕಡಿಮೆ ಇದ್ದರೆ ಗೇಮ್ ನಿಧಾನ ಓಡುತ್ತದೆ, ಅಷ್ಟೇ. ಆದರೆ ಎವಿಎಕ್ಸ್2 ಅನ್ನೋ ಒಂದು ಆಜ್ಞೆಗಳ ಗುಂಪು ಇಂಟೆಲ್‌ಗೆ ಬಂದದ್ದು ನಾಲ್ಕನೇ ತಲೆಮಾರಿನಲ್ಲಿ, 2013ರಲ್ಲಿ. ನಿಮ್ಮದರಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಈಚೆಗೆ ಕೆಲವು ಗೇಮ್‌ಗಳು ಅದು ಇದ್ದೇ ಇರುತ್ತೆ ಅಂದುಕೊಂಡು ತಯಾರಾಗುತ್ತಿವೆ. ಒಂದು ವರ್ಷದ ಅಂತರದಲ್ಲಿ ನಿಮ್ಮ ಮಷಿನ್ ಆಚೆ ದಡದಲ್ಲಿ ಉಳಿದಿದೆ. ಗೇಮಿನ ಪೇಜಿನಲ್ಲಿ ಎವಿಎಕ್ಸ್2 ಅನ್ನೋ ಮಾತು ಇದೆಯಾ ನೋಡಿ. ಇದ್ದರೆ ಫಾರ್ಮ್ಯಾಟ್ ಮಾಡಿದರೂ, ರ‍್ಯಾಮ್ ಹಾಕಿದರೂ, ಅಸಲಿ ಹೊಸ ಗ್ರಾಫಿಕ್ ಕಾರ್ಡ್ ತಂದರೂ ಆ ಗೇಮ್ ಏಳುವುದಿಲ್ಲ.

ಈಗ ನಿಮ್ಮ ಅನುಮಾನಕ್ಕೂ ಗೆಳೆಯರ ಸಲಹೆಗಳಿಗೂ ಬರೋಣ.

ಕರೆಂಟ್. ಕರೆಂಟಿನದೋ, ಪವರ್ ಸಪ್ಲೈದೋ ತೊಂದರೆ ಆಗಿದ್ದರೆ ಗೇಮ್ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಶಾಂತವಾಗಿ ಉಳಿಯುವುದಿಲ್ಲ. ಇಡೀ ಸಿಪಿಯು ಠಪ್ ಅಂತ ಆಫ್ ಆಗಿ ರೀಸ್ಟಾರ್ಟ್ ಆಗುತ್ತದೆ, ಇವೆಂಟ್ ವ್ಯೂವರಿನ ಸಿಸ್ಟಮ್ ಭಾಗದಲ್ಲಿ ಕರ್ನಲ್ ಪವರ್ 41 ಅಂತ ಬರುತ್ತದೆ. ನಿಮಗೆ ಹಾಗೆ ಆಗುತ್ತಿಲ್ಲ, ಏನೂ ಸುಟ್ಟಿಲ್ಲ, ಚಿಂತೆ ಬಿಡಿ. ಆದರೆ ಡೌನ್‌ಲೋಡ್ ನಡೆಯುವಾಗ ಕರೆಂಟ್ ಹೋಗಿ ಫೈಲ್ ಅರ್ಧಂಬರ್ಧ ಬರೆದಿರುವ ಸಾಧ್ಯತೆ ಇದೆ. ಸ್ಟೀಮ್ ಲೈಬ್ರರಿಯಲ್ಲಿ ಗೇಮಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ ಒತ್ತಿ. ಕೆಟ್ಟದ್ದನ್ನು ಮಾತ್ರ ಮತ್ತೆ ತರುತ್ತದೆ, 70 ಜಿಬಿ ಪೂರ್ತಿ ಬೇಕಾಗಲ್ಲ.

ರ‍್ಯಾಮ್ 16 ಮಾಡಿಸಬೇಡಿ. ನಿಮ್ಮ ಬೋರ್ಡಿಗೆ ಬೇಕಾದ್ದು ಡಿಡಿಆರ್3 ಅನ್ನೋ ಹಳೇ ಬಗೆಯ ರ‍್ಯಾಮ್. ಅದನ್ನು ಈಗ ಕೊಂಡರೆ ನಾಳೆ ಯಾವ ಹೊಸ ಬೋರ್ಡಿಗೂ ಬರುವುದಿಲ್ಲ. 8 ಜಿಬಿಯಲ್ಲಿ ಗೇಮ್ ಎಳೆದಾಡಬಹುದು, ಆದರೆ ಸಾಮಾನ್ಯವಾಗಿ ಮೆನು ತನಕ ಬರುತ್ತದೆ. ಯಾರೋ ಸ್ಪೀಡ್ ಆಗುತ್ತೆ ಅಂತ ಪೇಜಿಂಗ್ ಫೈಲ್ (ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಡಿಸ್ಕಿನ ಜಾಗ) ಬಂದ್ ಮಾಡಿದ್ದರೆ ಮಾತ್ರ ತೆರೆಯುವಾಗಲೇ ಬೀಳಬಹುದು. ವರ್ಚುವಲ್ ಮೆಮೊರಿ ಸೆಟ್ಟಿಂಗಿನಲ್ಲಿ ಅದು ಆಟೊಮ್ಯಾಟಿಕ್ ಇದೆಯಾ ನೋಡಿ ಸಾಕು.

ಡಿಎಲ್‌ಎಲ್ (ಪ್ರೋಗ್ರಾಮ್‌ಗಳು ಬಳಸುವ ಸಹಾಯಕ ಫೈಲ್) ಇಳಿಸಿ ಹಾಕುವ ಸಲಹೆ ಇದೆಯಲ್ಲ, ಅದು ಈ ಎಲ್ಲದರಲ್ಲಿ ಅಪಾಯಕಾರಿ. ನಿಮಗೆ ಯಾವ ಫೈಲ್ ಇಲ್ಲ ಅಂತಲೂ ಮೆಸೇಜ್ ಬಂದಿಲ್ಲ, ಯಾವುದನ್ನು ಇಳಿಸುತ್ತೀರಿ? ಬಂದರೂ ಬಿಡಿ ಬಿಡಿ ಫೈಲ್ ಹಂಚುವ ಸೈಟುಗಳಿಂದ ಬೇಡ. ವೈರಸ್ ಒಂದು ಭಯ, 32 ಬಿಟ್ ಫೈಲ್ ಇರಬೇಕಾದ ಕಡೆ 64 ಬಿಟ್ ಹಾಕಿ ಇನ್ನೊಂದು ಎರರ್ ತಂದುಕೊಳ್ಳುವುದು ಇನ್ನೊಂದು. 7ಬಿ ಅಂತ ಮುಗಿಯುವ ಎರರ್ ಬಾಕ್ಸ್ ಬಹಳ ಸಲ ಹೀಗೇ ಹುಟ್ಟುತ್ತದೆ. ಬದಲಿಗೆ ಮೈಕ್ರೋಸಾಫ್ಟ್ ಸೈಟಿನಿಂದ ವಿಷುವಲ್ ಸಿ ಪ್ಲಸ್ ಪ್ಲಸ್ ರಿಡಿಸ್ಟ್ರಿಬ್ಯೂಟೆಬಲ್ ಅನ್ನೋ, ಬಹಳ ಗೇಮ್‌ಗಳಿಗೆ ಬೇಕಾದ ಡಿಎಲ್‌ಎಲ್‌ಗಳ ಅಸಲಿ ಕಟ್ಟನ್ನು ಇಳಿಸಿಕೊಂಡು ಎಕ್ಸ್86, ಎಕ್ಸ್64 ಎರಡನ್ನೂ ಹಾಕಿ. ಉಚಿತ, ಐದು ನಿಮಿಷದ ಕೆಲಸ.

ಮಾತು ಬಂತು ಅಂತ ಇನ್ನೊಂದು ಹೇಳಿಬಿಡುತ್ತೇನೆ. ವಿಂಡೋಸ್ ಹಾಕುವಾಗ ಯೂಸರ್ ಹೆಸರು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೀರಾ? ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರು ಕನ್ನಡ ಅಕ್ಷರದಲ್ಲಿ ಇದ್ದರೆ ಕೆಲವು ಗೇಮ್‌ಗಳಿಗೆ ಆ ದಾರಿ ಓದಲು ಬರುವುದಿಲ್ಲ, ಸೇವ್ ಫೈಲ್ ಬರೆಯಲು ಹೋಗಿ ಅಲ್ಲೇ ಬೀಳುತ್ತವೆ. ತಪ್ಪು ಗೇಮ್ ಮಾಡಿದವರದು, ನಮ್ಮ ಲಿಪಿಯದಲ್ಲ, ಆದರೂ ಕಷ್ಟ ನಮಗೇ ಅಲ್ವಾ. ಸೆಟ್ಟಿಂಗ್ಸ್‌ನಲ್ಲಿ ಹೆಸರು ಬದಲಿಸಿದರೆ ಫೋಲ್ಡರ್ ಬದಲಾಗುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಲೋಕಲ್ ಅಕೌಂಟ್ ಮಾಡಿ, ಅದರಿಂದ ಗೇಮ್ ತೆರೆದು ನೋಡಿ.

ಫಾರ್ಮ್ಯಾಟ್ ಬಗ್ಗೆ ಅಂಗಡಿಯವರನ್ನು ನಾನು ಪೂರ್ತಿ ತಪ್ಪು ಅನ್ನಲ್ಲ. ಅವರಿಗೂ ಒಂದು ಮಷಿನ್ ಮೇಲೆ ಎರಡು ತಾಸು ಕೂತು ಹುಡುಕುವ ಪುರುಸೊತ್ತು ಇರಲ್ಲ, 500 ರೂಪಾಯಿಗೆ ಅಷ್ಟು ಹೊತ್ತು ಯಾರೂ ಕೂರಲ್ಲ. ಫಾರ್ಮ್ಯಾಟಿಗೆ ಡ್ರೈವರ್ ಗೊಂದಲ, ವೈರಸ್ ಎಲ್ಲ ಒಂದೇ ಏಟಿಗೆ ಹೋಗುತ್ತವೆ, ಹಾಗಾಗಿ ಹತ್ತರಲ್ಲಿ ಕೆಲವು ಸಲ ಸರಿಯಾಗುತ್ತೆ ಕೂಡ. ಆದರೆ ನಿಮ್ಮ ವಿಷಯದಲ್ಲಿ ಕೇಬಲ್ಲೋ, ಕಾರ್ಡೋ, ಪ್ರೊಸೆಸರೋ ಕಾರಣ ಆಗಿದ್ದರೆ ಅದು ಏನನ್ನೂ ಸರಿ ಮಾಡಲ್ಲ, ಬದಲಿಗೆ ಇವೆಂಟ್ ವ್ಯೂವರಿನ ದಾಖಲೆ ಅಳಿಸಿ ಹಾಕುತ್ತದೆ. ಮಾಡಿಸಲೇಬೇಕು ಅಂದರೆ ಕಾಲೇಜಿನ ಪ್ರಾಜೆಕ್ಟ್, ಫೋಟೋ ಎಲ್ಲ ಬೇರೆ ಕಡೆ ಇಟ್ಟುಕೊಳ್ಳಿ, ಗೇಮ್ ಡಿ ಡ್ರೈವಿನಲ್ಲಿದ್ದರೆ ಸ್ಟೀಮ್‌ಆ್ಯಪ್ಸ್ ಫೋಲ್ಡರ್ ಮುಟ್ಟಬೇಡಿ ಅಂತ ಹೇಳಿ. ಆಮೇಲೆ ಸ್ಟೀಮ್‌ಗೆ ಆ ಜಾಗ ತೋರಿಸಿದರೆ ಮತ್ತೆ ಡೌನ್‌ಲೋಡ್ ಬೇಕಾಗಲ್ಲ.

ಇನ್ನು ದಾರಿಗಳು. ಎಲ್ಲಕ್ಕಿಂತ ಮೊದಲು ಕ್ಯಾಲೆಂಡರ್ ನೋಡಿ. ಕೊಂಡು 14 ದಿನ ಆಗಿಲ್ಲದಿದ್ದರೆ, ಆಡಿದ ಟೈಮ್ 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ, ಸೇಲ್‌ನಲ್ಲಿ ಕೊಂಡಿದ್ದರೂ ಸರಿ. ನಿಮಗೆ ಒಂದು ವಾರ ಆಗಿದೆ ಅಂದಿರಿ, ಅಂದರೆ ಇನ್ನೊಂದು ವಾರದೊಳಗೆ ತೀರ್ಮಾನ ಆಗಬೇಕು. ಒಂದು ಎಚ್ಚರ. ಗೇಮ್ ಕಪ್ಪು ಸ್ಕ್ರೀನಿನಲ್ಲಿ ಸಿಕ್ಕಿಕೊಂಡು ನಿಂತರೆ ಹಾಗೇ ಬಿಟ್ಟು ಊಟಕ್ಕೆ ಹೋಗಬೇಡಿ, ಅದೂ ಆಡಿದ ಲೆಕ್ಕಕ್ಕೆ ಸೇರುತ್ತದೆ.

ಕೇಬಲ್ ತಪ್ಪಿದ್ದರೆ ಕನ್ವರ್ಟರ್ ತಂದು, ಎನ್‌ವಿಡಿಯಾ ಸೈಟಿನಿಂದ ಡ್ರೈವರ್ ಹಾಕಿ. ಈ ಕಾರ್ಡಿಗೆ ಹೊಸ ಗೇಮ್‌ಗಳಿಗಾಗಿ ಬರುವ ಡ್ರೈವರ್ 2025ರ ಅಕ್ಟೋಬರಿಗೆ ನಿಂತಿದೆ, ಭದ್ರತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್ ತನಕ ಬರುತ್ತದೆ. ಹಳೇ ಡ್ರೈವರ್ ತೆಗೆಯಲು ಡಿಡಿಯು ಅನ್ನೋ ಸಾಫ್ಟ್‌ವೇರನ್ನು ಸೇಫ್ ಮೋಡಿನಲ್ಲಿ ಓಡಿಸಬಹುದು, ಆದರೆ ಹೊಸ ಡ್ರೈವರ್ ಫೈಲ್ ಮೊದಲೇ ಇಳಿಸಿಟ್ಟುಕೊಂಡಿರಿ.

ಕಾರ್ಡ್ ನಕಲಿ ಅಂತ ಆದರೆ ಯಾವ ಡ್ರೈವರಿನಿಂದಲೂ, ಯಾವ ಬಯಾಸಿನಿಂದಲೂ ಅದು ಅಸಲಿ ಆಗಲ್ಲ. ಬಯಾಸ್ ಹಾಕಿಕೊಡ್ತೀವಿ ಅನ್ನುವವರಿಗೆ ದುಡ್ಡು ಕೊಡಬೇಡಿ. ಜಿಪಿಯು-ಝಡ್ ಸ್ಕ್ರೀನ್‌ಶಾಟ್, ಕಾರ್ಡಿನ ಪೋರ್ಟುಗಳ ಫೋಟೋ, ದುಡ್ಡು ಕಳಿಸಿದ ದಾಖಲೆ, ಮಾರಿದವರ ಜೊತೆ ಆದ ಚಾಟ್ ಎಲ್ಲ ತೆಗೆದಿಟ್ಟುಕೊಂಡು ಆಮೇಲೆ ವಾಪಸ್ ಕೇಳಿ. ಮಾರಿದ್ದು ಅಂಗಡಿ ಅಥವಾ ವ್ಯಾಪಾರಿ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಮನೆಯಲ್ಲಿದ್ದದ್ದನ್ನು ಮಾರಿದ ಖಾಸಗಿ ಮನುಷ್ಯ ಆದರೆ ಗ್ರಾಹಕ ದೂರು ನಿಲ್ಲುವುದು ಕಷ್ಟ. ಗೊತ್ತಿದ್ದೇ ಮೋಸ ಮಾಡಿದ್ದಾರೆ ಅಂತ ಖಾತ್ರಿ ಆದರೆ ಸೈಬರ್ ವಂಚನೆಯ ಸಹಾಯವಾಣಿ 1930 ಇದೆ.

ಎವಿಎಕ್ಸ್2 ಇಲ್ಲದ್ದೇ ಕಾರಣ ಆದರೆ ಗೇಮ್ ವಾಪಸ್ ಮಾಡಿ, ನಾನು ಹೇಳುವುದು ಇಷ್ಟೇ. ನಾಲ್ಕನೇ ತಲೆಮಾರಿನ ಐ5 ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗುತ್ತೆ, ಇದೇ ಬೋರ್ಡಿಗೆ ಹಾಕೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸಾಕೆಟ್ ಬೇರೆ, ಕೂರುವುದೇ ಇಲ್ಲ. ನಿಮ್ಮದು 1155, ಅದು 1150. ಈಗಿನ ಹೊಸ ತಲೆಮಾರಿಗೆ ಬದಲಿಸುವುದಾದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೇ ಬದಲಾಗಬೇಕು. ಆಫೀಸ್ ಮಷಿನ್ ಆಗಿದ್ದರೆ ಪವರ್ ಸಪ್ಲೈ, ಕ್ಯಾಬಿನೆಟ್ ಕೂಡ. ಅದು ಈಗ ಅಪ್ಪನ ಹತ್ತಿರ ಕೇಳುವ ಖರ್ಚಲ್ಲ. ಹಳೇ ಗೇಮ್ ಓಡುತ್ತಿವೆ, ಓದಿನ ಕೆಲಸ ನಡೆಯುತ್ತಿದೆ, ಹಾಗೇ ಇಟ್ಟುಕೊಳ್ಳಿ.

ಕಾರಣ ಈ ಯಾವುದೂ ಅಲ್ಲ ಅಂತಾದರೆ ಇವೆಂಟ್ ವ್ಯೂವರಿನ ಆ ಎರಡು ಸಾಲಿನ ಫೋಟೋ, ಡಿಎಕ್ಸ್‌ಡಯಾಗ್ ಡಿಸ್‌ಪ್ಲೇ ಟ್ಯಾಬಿನ ಫೋಟೋ, ಗೇಮಿನ ಹೆಸರು ಕಳಿಸಿ, ನೋಡಿ ಹೇಳುತ್ತೇನೆ. ಮಷಿನ್ ಹುಬ್ಬಳ್ಳಿಗೆ ತರುವ ಅಗತ್ಯ ಬಿದ್ದರೆ ಗ್ರಾಫಿಕ್ ಕಾರ್ಡ್ ಬಿಚ್ಚಿ ಆ್ಯಂಟಿ-ಸ್ಟ್ಯಾಟಿಕ್ (ಸ್ಥಿರ ವಿದ್ಯುತ್ ತಡೆಯುವ) ಕವರಿನಲ್ಲಿ ಹಾಕಿ ಬೇರೆ ಚೀಲದಲ್ಲಿ ತನ್ನಿ. ಬಸ್ಸಿನ ಕುಲುಕಾಟಕ್ಕೆ ಕಾರ್ಡ್ ಸ್ಲಾಟಿನಿಂದ ಎದ್ದು, ಗೇಮ್ ತೊಂದರೆ ಅಂತ ಹೊರಟ ಮಷಿನ್ ಡಿಸ್‌ಪ್ಲೇ ಇಲ್ಲದ ಮಷಿನ್ ಆಗಿ ಬಂದಿಳಿಯುತ್ತದೆ.